ಹೆಲ್ಮೆಟ್ಟಿನ ಮೇಲೆ ಸಿಂಬೆ

ಟಿಣ್.

ತಗಡಿನ ಮೇಲೆ ಏನೋ ಬಿತ್ತು. ಎರಡು ಸಲ ಪುಟಿಯಿತು, ಉರುಳಿತು, ಅಂಚಿನಿಂದ ಜಾರಿ ಮಣ್ಣಿಗೆ ಬಿದ್ದು ಸುಮ್ಮನಾಯಿತು.

"ನಟ್ಟು," ಎಂದ ಗಂಡ, ಕಣ್ಣು ಬಿಡದೆಯೇ. ಮಗ್ಗುಲಾದ. ಮತ್ತೆ ಗೊರಕೆ.

ಕಂಬದಕ್ಕ ಎದ್ದು ಕೂತಳು. ಮೇಲೆ ರಾತ್ರಿಪಾಳಿ ನಡೆದಿತ್ತು. ಎರಡು ಅಂತಸ್ತಿನ ಸೇತುವೆ ಅದು. ಕೆಳಗಿನ ಅಂತಸ್ತು ವಾಹನಗಳಿಗೆ, ಮೇಲಿನದು ರೈಲಿಗೆ. ಕೂಲಿಯವರ ತಗಡಿನ ಶೆಡ್ಡುಗಳಿದ್ದದ್ದು ಅದರ ಅಂಚಿನ ನೇರ ಬುಡಕ್ಕೆ. ಬೇರೆ ಜಾಗ ಇಲ್ಲವೆಂದಿದ್ದರು. ಜಾಗವಿತ್ತು. ಅಲ್ಲಿ ಕಂಪನಿಯ ಕಾರುಗಳು ನಿಲ್ಲುತ್ತಿದ್ದವು. ಗಾಜು ಒಡೆಯಬಾರದಲ್ಲ.

ಮೇಲಿಂದ ಬಿದ್ದದ್ದನ್ನು ಸದ್ದಿನಲ್ಲೇ ಗುರುತು ಹಿಡಿಯುವ ವಿದ್ಯೆ ಶೆಡ್ಡಿನ ಮಕ್ಕಳಿಗೂ ಬರುತ್ತಿತ್ತು. ಟಿಣ್ ಅಂದರೆ ನಟ್ಟು. ಚರ್ ಅಂದರೆ ಕಟ್ಟುವ ತಂತಿ. ಧಬ್ ಅಂದರೆ ಮರದ ತುಂಡು, ಅದಕ್ಕೆ ಮಾತ್ರ ಜನ ಎದ್ದು ಹೊರಗೆ ಓಡುತ್ತಿದ್ದರು. ಮಿಕ್ಕಿದ್ದಕ್ಕೆಲ್ಲ ಮಗ್ಗುಲು ಬದಲಿಸಿದರೆ ಸಾಕು.

ಬೋಲ್ಟು ಮನುಷ್ಯರ ತಲೆಯ ಮೇಲೆ ಬಿದ್ದರೆ ಯಾವ ಸದ್ದು ಬರುತ್ತದೆ ಎಂಬುದು ಮಾತ್ರ ಕಂಬದಕ್ಕನಿಗೆ ನಿನ್ನೆಯವರೆಗೆ ಗೊತ್ತಿರಲಿಲ್ಲ. ಸದ್ದೇ ಬರುವುದಿಲ್ಲ. ಮುಂದೆ ನಡೆಯುತ್ತಿದ್ದವಳು ಇದ್ದಕ್ಕಿದ್ದಂತೆ ಕುಕ್ಕರಿಸಿ ಕೂರುತ್ತಾಳೆ, ಅಷ್ಟೆ. ಏನೋ ಮರೆತವಳ ಹಾಗೆ.

ಕೂತವಳು ಅವಳ ಓರಗಿತ್ತಿ. ಮೈದುನನ ಹೆಂಡತಿ. ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿಂದವರು. ಈಗ ಶೆಡ್ಡಿನಲ್ಲಿ ಅವಳ ಚಾಪೆ ಸುರುಳಿ ಸುತ್ತಿಕೊಂಡು ಗೋಡೆಗೆ ಒರಗಿತ್ತು. ಅವಳು ಆಸ್ಪತ್ರೆಯಲ್ಲಿದ್ದಳು. ತಲೆಬುರುಡೆ ಬಿರುಕು ಬಿಟ್ಟಿತ್ತು. ಬಲಗೈ ಮುಷ್ಟಿ ಕಟ್ಟುತ್ತಿರಲಿಲ್ಲ.

ಕಂಬದಕ್ಕ ಮತ್ತೆ ಮಲಗಲಿಲ್ಲ.

ಬೆಳಿಗ್ಗೆ ಗೇಟಿನಲ್ಲಿ ಎಂದಿನ ನಾಟಕ ನಡೆಯಿತು. ಹೆಂಗಸರೆಲ್ಲ ಹಳದಿ ಹೆಲ್ಮೆಟ್ ಹಾಕಿಕೊಂಡು ಸಾಲಾಗಿ ನಿಂತರು. ಸೇಫ್ಟಿ ಆಫೀಸರ್ ಮೊಬೈಲ್ ಎತ್ತಿ ಹಿಡಿದ. ದಿನವೂ ಇದೇ ಕೆಲಸ ಮಾಡುವುದರಿಂದ ಅವನಿಗೆ 'ಫೋಟೋ ಸಾರ್' ಎಂದೇ ಹೆಸರು.

"ಎಲ್ಲರೂ ಸ್ವಲ್ಪ ನಗಿ."

"ಹಲ್ಲಿಗೂ ಹೆಲ್ಮೆಟ್ ಕೊಡ್ತೀರಾ ಸಾರ್?" ಎಂದಳು ಬಾಯಿಬಡುಕಿ. ಗುಂಪಿನಲ್ಲಿ ಅವಳ ಬಾಯಿಗೆ ಯಾರೂ ಅಡ್ಡ ಬರುತ್ತಿರಲಿಲ್ಲ. ಇವತ್ತು ಮಾತ್ರ ಅವಳ ಮಾತಿಗೆ ಯಾರೂ ನಗಲಿಲ್ಲ.

ಫೋಟೋ ಆಯಿತು. ಲಿಫ್ಟು ಮೇಲೇರಿತು. ಅದು ಸಾಮಾನಿನ ಲಿಫ್ಟು. ಜನ ಹತ್ತಬಾರದೆಂದು ಅದರ ಬಾಗಿಲ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಜನ ಅದರಲ್ಲೇ ಹತ್ತುತ್ತಿದ್ದರು. ಯಾಕೆಂದರೆ ಕಬ್ಬಿಣದ ಮೆಟ್ಟಿಲನ್ನು ಬಿಚ್ಚಿ ಮುಂದಿನ ಕಂಬಕ್ಕೆ ಒಯ್ದು ಬಹಳ ದಿನವಾಗಿತ್ತು. ಮೇಲಿನಿಂದ ಇಳಿಯಲು ಎರಡು ದಾರಿ ಇರಬೇಕೆಂಬುದು ಆಫೀಸಿನ ಗೋಡೆಯ ಮೇಲಿತ್ತು. ಸೇತುವೆಯ ಮೇಲೆ ಇದ್ದದ್ದು ಒಂದೇ.

ಮೇಲೆ ಕಾಲಿಟ್ಟ ಕೂಡಲೇ ಹೆಂಗಸರು ಹೆಲ್ಮೆಟ್ ಬಿಚ್ಚುತ್ತಿದ್ದರು. ಬಿಚ್ಚದೆ ಗತಿಯಿರಲಿಲ್ಲ. ಸೇತುವೆಯ ಅಂಚಿಗೆ ಗೋಡೆ ಎರಕ ಹೊಯ್ಯುವ ಕೆಲಸ. ಅಲ್ಲಿಯವರೆಗೆ ಕಾಂಕ್ರೀಟ್ ಎಸೆಯುವ ಪಂಪು ಬಾಡಿಗೆಗೆ ಸಿಗುತ್ತಿತ್ತು. ಹೆಂಗಸರ ತಲೆ ಅದಕ್ಕಿಂತ ಅಗ್ಗ. ಹಳೆ ಬಟ್ಟೆಯ ಸಿಂಬೆ ಸುತ್ತಿ ನೆತ್ತಿಗಿಟ್ಟು, ಅದರ ಮೇಲೆ ತುಂಬಿದ ಬಾಂಡ್ಲಿ ಇಟ್ಟು, ಸಾಲುಹಿಡಿದು ನಡೆಯಬೇಕು. ಕಂಬದಕ್ಕ ಬಾಂಡ್ಲಿಯನ್ನು ಕೈಯಲ್ಲಿ ಮುಟ್ಟದೆ, ಎರಡೂ ಕೈ ಬೀಸಿಕೊಂಡು, ಕಂಬದ ಹಾಗೆ ನೆಟ್ಟಗೆ ನಡೆಯುತ್ತಿದ್ದಳು. ಅದಕ್ಕೇ ಅವಳಿಗೆ ಆ ಹೆಸರು.

ನೆತ್ತಿ ಒಂದೇ. ಅಲ್ಲಿ ಬಾಂಡ್ಲಿ ಕೂರಬೇಕು ಇಲ್ಲವೇ ಹೆಲ್ಮೆಟ್ ಕೂರಬೇಕು.

ಇದು ಎಲ್ಲರಿಗೂ ಗೊತ್ತಿತ್ತು. ಫೋಟೋ ಸಾರ್‌ಗೆ ಗೊತ್ತಿತ್ತು. "ಬಿಚ್ರೇ ಬೇಗ, ಕಾಂಕ್ರೀಟು ನಿಮ್ಮಪ್ಪನ ಮನೆ ಅಳಿಯ ಅಂತ ಕಾಯುತ್ತಾ?" ಎಂದು ದಿನವೂ ಕೂಗುವ ಮೇಸ್ತ್ರಿಗೂ ಗೊತ್ತಿತ್ತು. ಆದರೂ ಹೆಲ್ಮೆಟ್ ಜೊತೆಗಿಲ್ಲದಿದ್ದರೆ ಕೂಲಿಯಲ್ಲಿ ಹಿಡಿಯುತ್ತಿದ್ದರು. ಹಾಗಾಗಿ ಓರಗಿತ್ತಿ ಒಂದು ಉಪಾಯ ಕಂಡುಕೊಂಡಿದ್ದಳು. ಹೆಲ್ಮೆಟ್ಟಿನ ಪಟ್ಟಿಯನ್ನು ಸೊಂಟದ ಹಗ್ಗಕ್ಕೆ ಸಿಕ್ಕಿಸಿಕೊಂಡು ನಡೆಯುತ್ತಿದ್ದಳು. ಅವಳನ್ನು ನೋಡಿ ಎಲ್ಲರೂ ಹಾಗೇ ಮಾಡತೊಡಗಿದರು. ಹೆಜ್ಜೆಹೆಜ್ಜೆಗೂ ತೊಡೆಗೆ ಬಡಿಯುತ್ತಿತ್ತು. ಸಂಜೆಗೆ ಎಲ್ಲರ ತೊಡೆಯಲ್ಲೂ ಅಂಗೈಯಗಲ ನೀಲಿ.

ನಿನ್ನೆಯೂ ಹಾಗೇ ಇತ್ತು. ಓರಗಿತ್ತಿ ಬಾಂಡ್ಲಿ ಸುರಿದು ತಿರುಗಿ ನಡೆಯುತ್ತಿದ್ದಳು. ಮೇಲಂತಸ್ತಿನಲ್ಲಿ ಹಳಿಯ ಬೋಲ್ಟು ಬಿಗಿಯುತ್ತಿದ್ದರು. ಸಿಂಬೆ ಒಂದು ಕಡೆಗೆ ಜಾರಿತ್ತು. ಬೋಲ್ಟು ಸಿಂಬೆ ಇದ್ದ ಕಡೆ ಬಿದ್ದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಡಾಕ್ಟರೇ ಅಂದರು. ಹೆಲ್ಮೆಟ್ ಸೊಂಟದಲ್ಲಿ ಕ್ಷೇಮವಾಗಿತ್ತು. ಒಂದು ಗೀರೂ ಬಿದ್ದಿರಲಿಲ್ಲ. ಅವಳನ್ನು ಎತ್ತುವ ಮುಂಚೆ ಫೋಟೋ ಸಾರ್ ಓಡಿ ಬಂದಿದ್ದ. ಬಂದವನೇ ಆ ಹೆಲ್ಮೆಟ್ಟಿನ ಫೋಟೋ ತೆಗೆದಿದ್ದ.

ಮೇಲಂತಸ್ತಿಗೂ ಕೆಳ ಅಂತಸ್ತಿಗೂ ನಡುವೆ ಬಲೆ ಇರಲಿಲ್ಲ. ಬಲೆ ಇದ್ದದ್ದು ಸೇತುವೆಯ ರಸ್ತೆ ಬದಿಯ ಹೊರ ಅಂಚಿಗೆ. ಕೆಳಗೆ ರಸ್ತೆಯಲ್ಲಿ ಕಾರು ಓಡಾಡುತ್ತವಲ್ಲ, ಅವುಗಳ ಮೇಲೆ ಏನೂ ಬೀಳದಿರಲಿ ಎಂದು.

ಸಿಂಬೆ ಸುತ್ತುತ್ತಿದ್ದ ಕಂಬದಕ್ಕನನ್ನು ಆಫೀಸಿಗೆ ಕರೆಸಿದರು. ಆಫೀಸೆಂದರೆ ಉದ್ದನೆಯ ಕಬ್ಬಿಣದ ಡಬ್ಬ. ಒಳಗೆ ತಣ್ಣಗಿತ್ತು. ಗೋಡೆಯ ಚಿತ್ರದಲ್ಲಿ ಒಬ್ಬ ಹೆಂಗಸು ಹೆಲ್ಮೆಟ್ ಹಾಕಿಕೊಂಡು ನಗುತ್ತಿದ್ದಳು. ಅವಳ ತಲೆಯ ಮೇಲೆ ಬಾಂಡ್ಲಿ ಇರಲಿಲ್ಲ. ಕೈಯಲ್ಲೂ ಏನೂ ಇರಲಿಲ್ಲ.

"ಕೂತ್ಕೊಳ್ಳಿ ಅಕ್ಕಾ," ಎಂದ ಫೋಟೋ ಸಾರ್. ಇಷ್ಟು ದಿನದಲ್ಲಿ ಕೂರಲು ಹೇಳಿದ್ದು ಇದೇ ಮೊದಲು. ಕಂಬದಕ್ಕನಿಗೆ ಅಲ್ಲಿಯೇ ಅನುಮಾನ ಬಂತು. ಅವಳು ನಿಂತೇ ಇದ್ದಳು.

ಮೈದುನ ಮೂಲೆಯಲ್ಲಿ ಕೂತಿದ್ದ. ರಾತ್ರಿಯೆಲ್ಲ ಆಸ್ಪತ್ರೆಯ ವರಾಂಡದಲ್ಲಿ ಕಳೆದ ಮುಖ.

"ನೀವು ಅವರ ಹಿಂದೇನೇ ಇದ್ರಿ. ನೋಡಿದ್ದೀರಿ," ಎಂದ ಫೋಟೋ ಸಾರ್. "ಒಂದೇ ಒಂದು ಮಾತು ಮೊಬೈಲಿಗೆ ಹೇಳಿಬಿಡಿ. ಹೆಲ್ಮೆಟ್ ಕೊಟ್ಟಿದ್ರು, ಅವಳೇ ತೆಗೆದಳು ಅಂತ. ಸುಳ್ಳೇನಲ್ಲವಲ್ಲ? ಅಷ್ಟು ಹೇಳಿದ್ರೆ ಆಸ್ಪತ್ರೆ ಖರ್ಚನ್ನ ಕಂಪನಿ ಮಾನವೀಯತೆ ಮೇಲೆ ನೋಡ್ಕೊಳ್ಳುತ್ತೆ."

"ಹೇಳದಿದ್ರೆ?"

"ಹೇಳದಿದ್ರೆ ಕೇಸು, ಪೊಲೀಸು, ವಿಚಾರಣೆ. ಕೆಲಸ ನಿಲ್ಲುತ್ತೆ. ನಿಮ್ಮ ಗುಂಪನ್ನೇ ಕಳಿಸಿಬಿಡ್ತಾರೆ. ಆಮೇಲೆ ಖರ್ಚು ಯಾರು ಕೊಡ್ತಾರೆ?"

"ಅತ್ತಿಗೆ, ಹೇಳಿಬಿಡಿ," ಎಂದ ಮೈದುನ, ನೆಲ ನೋಡುತ್ತಲೇ. "ಒಡೆದ ತಲೆ ನ್ಯಾಯದಿಂದ ಕೂಡಲ್ಲ. ಔಷಧದಿಂದಾದ್ರೂ ಕೂಡಲಿ."

ಅವನ ಮೇಲೆ ಸಿಟ್ಟು ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ಮುಳುಗುವವನು ಹುಲ್ಲುಕಡ್ಡಿ ಹಿಡಿಯುತ್ತಾನೆ. ಆದರೆ ಈ ಕಡ್ಡಿಯನ್ನು ಚಾಚಿದವರೇ ಅವನನ್ನು ನೀರಿಗೆ ನೂಕಿದ್ದರು. ಅವಳೇ ತೆಗೆದಳು. ಎರಡು ಪದ. ಓರಗಿತ್ತಿ ಎದ್ದು ನಡೆದರೂ, ನಡೆಯದಿದ್ದರೂ, ಜನ್ಮವಿಡೀ ಆ ಎರಡು ಪದ ಅವಳ ಮೈಮೇಲೆ ಇರುತ್ತವೆ. ತನ್ನ ತಲೆಯನ್ನು ತಾನೇ ಒಡೆದುಕೊಂಡವಳು ಎಂದು.

"ಅವಳು ಬಾಂಡ್ಲಿ ಸುರಿದು ತಿರುಗಿದ್ದಳಲ್ಲ," ಎಂದ ಫೋಟೋ ಸಾರ್. "ಬರುವಾಗ ತಲೆ ಖಾಲಿ. ಆಗಾದ್ರೂ ಹಾಕ್ಕೋಬಹುದಿತ್ತು."

ಅವಳಿಗೆ ನೆನಪಾಯಿತು. ಓರಗಿತ್ತಿ ಮೊದಮೊದಲು ಹಾಗೆ ಮಾಡಿದ್ದಳು. ಬರುವಾಗ ನಿಂತು ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ಹತ್ತು ಹೆಜ್ಜೆ ನಡೆದು ಮತ್ತೆ ಬಿಚ್ಚುತ್ತಿದ್ದಳು. ಸಾಲು ಕಡಿದುಹೋಗುತ್ತಿತ್ತು. "ಏನೇ, ಮದುವೆ ಹೆಣ್ಣಿನ ಅಲಂಕಾರವಾ?" ಎಂದು ಮೇಸ್ತ್ರಿ ಬೈದಿದ್ದ. ಅಲ್ಲಿಗೆ ಬಿಟ್ಟಳು.

"ಹೇಳ್ತೀನಿ," ಎಂದಳು ಕಂಬದಕ್ಕ. "ಇಲ್ಲಲ್ಲ. ಮೇಲೆ. ಅವಳು ಬಿದ್ದ ಜಾಗದಲ್ಲಿ ನಿಂತು ಹೇಳ್ತೀನಿ."

ಫೋಟೋ ಸಾರ್‌ನ ಮುಖ ಅರಳಿತು. "ಅಲ್ಲಾದ್ರೆ ಇನ್ನೂ ಒಳ್ಳೇದು."

ಮೇಲೆ ಎರಕ ಶುರುವಾಗಿತ್ತು. ಕೆಳಗೆ ಕಾಂಕ್ರೀಟ್ ಲಾರಿ ಹೊಟ್ಟೆ ತಿರುಗಿಸುತ್ತ ನಿಂತಿತ್ತು. ಲಿಫ್ಟಿನಲ್ಲಿ ತೊಟ್ಟಿ ಬರುವುದು, ಸುರಿಯುವುದು, ಬಾಂಡ್ಲಿ ತುಂಬುವುದು, ಸಾಲು ನಡೆಯುವುದು. ಕಂಬದಕ್ಕ ಬಂದದ್ದನ್ನು ನೋಡಿ ಸಾಲು ನಿಧಾನವಾಯಿತು. ನೆಲದ ಮೇಲೆ ಕಲೆ ಹಾಗೇ ಇತ್ತು. ಯಾರೋ ಸಿಮೆಂಟ್ ಪುಡಿ ಎರಚಿ ಮುಚ್ಚಲು ನೋಡಿದ್ದರು. ಮುಚ್ಚಿರಲಿಲ್ಲ.

ಫೋಟೋ ಸಾರ್ ಮೊಬೈಲ್ ಎತ್ತಿದ. "ಹೇಳಿ."

ಅವಳು ಸೊಂಟದಿಂದ ಹೆಲ್ಮೆಟ್ ತೆಗೆದು ತಲೆಗೆ ಹಾಕಿಕೊಂಡಳು. ಪಟ್ಟಿ ಬಿಗಿದಳು. ಅದರ ಮೇಲೆ ಸಿಂಬೆ ಇಟ್ಟಳು.

"ಬಾಂಡ್ಲಿ ಎತ್ರೇ."

ಬಾಯಿಬಡುಕಿಯೂ ಇನ್ನೊಬ್ಬಳೂ ತುಂಬಿದ ಬಾಂಡ್ಲಿ ಎತ್ತಿ ಅವಳ ತಲೆಯ ಮೇಲಿಟ್ಟರು. ಅವಳು ಒಂದು ಹೆಜ್ಜೆ ಇಟ್ಟಳು. ನುಣ್ಣನೆಯ ಬುರುಡೆಯ ಮೇಲೆ ಸಿಂಬೆ ಜಾರಿತು. ಬಾಂಡ್ಲಿ ವಾಲಿತು. ಕಾಂಕ್ರೀಟು ಫೋಟೋ ಸಾರ್‌ನ ಬೂಟಿನ ಮೇಲೆ ಸುರಿಯಿತು.

"ಏನ್ ಮಾಡ್ತಿದ್ದೀರಿ!"

"ನಿಮ್ಮ ರೂಲ್ಸ್ ಸಾರ್," ಎಂದಳು. "ಇನ್ನೊಂದು ಎತ್ರೇ."

ಎರಡನೆಯದೂ ಬಿತ್ತು. ಪಟ್ಟಿ ಗಂಟಲಿಗೆ ಹಿಡಿದು ಉಸಿರು ಕಟ್ಟಿತು. ಕತ್ತಿನ ನರ ಚುಳ್ಳೆಂದಿತು. ಎಂದೂ ಬಾಂಡ್ಲಿ ಬೀಳಿಸದ ಕಂಬದಕ್ಕನ ಭುಜ, ಬೆನ್ನು, ಎಲ್ಲ ಕಾಂಕ್ರೀಟು. ಅವಳು ಬಗ್ಗಿ ಕೆಮ್ಮಿದಳು. ಎದ್ದು ನಿಂತು ಮೊಬೈಲಿನ ಕಣ್ಣಿಗೆ ಕಣ್ಣಿಟ್ಟಳು.

"ಈಗ ಹೇಳ್ತೀನಿ. ಹೆಲ್ಮೆಟ್ ತೆಗೆದದ್ದು ಅವಳಲ್ಲ. ಬಾಂಡ್ಲಿ. ಬಾಂಡ್ಲಿ ಹೊರಿಸಿದ್ದು ನೀವು. ಆ ಬಲೆ ನೋಡಿ, ಅಲ್ಲಿ. ಕಾರಿನ ತಲೆಗೆ ಕಟ್ಟಿದ್ದೀರಿ. ನಮ್ಮ ತಲೆ ಮೇಲೆ ಆಕಾಶ ಬಿಟ್ಟಿದ್ದೀರಿ. ಇದನ್ನ ಸೇರಿಸಿಕೊಂಡು ಕಳಿಸಿ, ಯಾರಿಗೆ ಬೇಕೋ ಅವರಿಗೆ."

ಅವನು ಮೊಬೈಲ್ ಇಳಿಸಿದ. ಬೆರಳಿನಿಂದ ಏನೋ ಒತ್ತಿದ. ಅಳಿಸಿರಬೇಕು.

"ಅಳಿಸಿಕೊಳ್ಳಿ," ಎಂದಳು. "ಬಾಯಿ ಇಲ್ಲೇ ಇದೆ."

ಆಗ ಬಾಯಿಬಡುಕಿ ತನ್ನ ಬಾಂಡ್ಲಿ ಕೆಳಗಿಟ್ಟಳು. ಸೊಂಟದಿಂದ ಹೆಲ್ಮೆಟ್ ಬಿಚ್ಚಿ ತಲೆಗಿಟ್ಟಳು. ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು. ಯಾರೂ ಘೋಷಣೆ ಕೂಗಲಿಲ್ಲ. ಪಟ್ಟಿಯ ಗುಂಡಿಗಳು ಟಕ್ ಟಕ್ ಎಂದವು, ಅಷ್ಟೆ.

"ಕೆಲಸ ನಿಲ್ಲಿಸ್ತೀರಾ?" ಎಂದ ಫೋಟೋ ಸಾರ್.

"ಅಯ್ಯೋ, ನಿಲ್ಲಿಸೋದೆಲ್ಲಿ ಬಂತು ಸಾರ್? ಮಾಡ್ತೀವಿ," ಎಂದಳು ಬಾಯಿಬಡುಕಿ. "ಹೆಲ್ಮೆಟ್ ಹಾಕ್ಕೊಂಡು ಮಾಡ್ತೀವಿ. ಫೋಟೋ ತೆಗೀರಿ, ನಗ್ತೀವಿ."

ಇಬ್ಬಿಬ್ಬರು ಒಂದೊಂದು ಬಾಂಡ್ಲಿಯ ಕಿವಿ ಹಿಡಿದು, ಹೊಟ್ಟೆಗೆ ಒತ್ತಿಕೊಂಡು ನಡೆದರು. ಹೆಜ್ಜೆಗೊಂದು ಉಸಿರು. ಬಸುರಿಯರ ಮೆರವಣಿಗೆಯ ಹಾಗೆ. ಗೋಡೆಯ ಅಚ್ಚಿನಲ್ಲಿ ಕಾಂಕ್ರೀಟು ಅರ್ಧಕ್ಕೆ ನಿಂತು ಮೇಲ್ಮೈ ಮಂಕಾಗತೊಡಗಿತು. ಎರಕ ನಡುವೆ ನಿಂತರೆ ಗೋಡೆ ಎರಡು ಹೋಳು. ಒಡೆದು ಮತ್ತೆ ಕಟ್ಟಬೇಕು. ಲಾರಿಯ ಹೊಟ್ಟೆಯಲ್ಲಿದ್ದದ್ದು ಗಟ್ಟಿಯಾದರೆ ಲಾರಿಯೂ ಹೋಯಿತು.

ಮೇಸ್ತ್ರಿ ಅತ್ತಿಂದಿತ್ತ ಓಡಾಡಿದ. ಬೈದ. ಹೆಂಗಸರನ್ನು ಬೈದ, ಲಾರಿಯನ್ನು ಬೈದ, ತನ್ನನ್ನು ಹೆತ್ತವರನ್ನೂ ಬಿಡಲಿಲ್ಲ. ಫೋಟೋ ಸಾರ್ ಮ್ಯಾನೇಜರ್‌ಗೆ ಫೋನ್ ಮಾಡಿದ. ಫೋನಿನೊಳಗಿನ ಕೂಗು ಎಲ್ಲರಿಗೂ ಕೇಳಿಸಿತು. ಆಚೆ ಬದಿಯ ಗುಂಪಿನಿಂದ ಗಂಡಸರನ್ನು ಕಳಿಸುತ್ತೇನೆ, ಲಿಫ್ಟು ಕೆಳಗಿಳಿಸಿ, ಈ ಹೆಂಗಸರನ್ನು ಅದರಲ್ಲೇ ಹೊರಗೆ ದಬ್ಬಿ.

ಬಗ್ಗಿ ನೋಡಿದರೆ ಕೆಳಗೆ ಗಂಡಸರು ಆಗಲೇ ಸೇರುತ್ತಿದ್ದರು. ಅವರ ಹೆಗಲ ಮೇಲೆ ಸಿಂಬೆಯ ಬಟ್ಟೆಗಳು. ಕಂಬದಕ್ಕ ಅವರ ತಲೆಗಳನ್ನು ಎಣಿಸಿದಳು. ಅವರೂ ಹಸಿದವರೇ. ಹತ್ತಿ ಬರುತ್ತಾರೆ. ಬಂದರೆ ಮುಗಿಯಿತು. ಗೋಡೆ ಸಂಜೆಗೆ ಏಳುತ್ತದೆ, ಓರಗಿತ್ತಿಯ ಹೆಸರಿನ ಮೇಲೆ ಆ ಎರಡು ಪದ ಕೂರುತ್ತವೆ. ಹೇಳಲು ಯಾರಾದರೊಬ್ಬರು ಸಿಕ್ಕೇ ಸಿಗುತ್ತಾರೆ.

"ಮೇಸ್ತ್ರಿ, ಲಿಫ್ಟು ಇಳಿಸು!" ಎಂದ ಫೋಟೋ ಸಾರ್.

ಮೇಸ್ತ್ರಿ ಬೈಯುತ್ತಲೇ ಲಿಫ್ಟಿನ ಪಂಜರದೊಳಗೆ ಹೋದ. ಬೈಯುತ್ತಲೇ ಹೊರಗೆ ಬಂದ. ಬೈಯುತ್ತಲೇ ಗೋಡೆಯ ಅಚ್ಚಿನ ಹತ್ತಿರ ಬಂದು, ಕಾಂಕ್ರೀಟು ಎಷ್ಟು ಗಟ್ಟಿಯಾಯಿತೆಂದು ನೋಡುವವನಂತೆ ಕೈ ಊರಿದ. ಕಂಬದಕ್ಕ ಆಗ ಬಾಂಡ್ಲಿ ಹಿಡಿದು ಅಲ್ಲೇ ಬಂದು ನಿಂತಿದ್ದಳು. ಅವಳ ಜೊತೆಯವಳು ಅತ್ತ ತಿರುಗಿ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು. ಮೇಸ್ತ್ರಿಯ ಹೆಬ್ಬೆರಳಿನ ಕೆಳಗೆ ಲಿಫ್ಟಿನ ಚಾವಿ ಒಂದು ಕ್ಷಣ ಹೊಳೆಯಿತು. ಹಸಿ ಕಾಂಕ್ರೀಟಿನೊಳಗೆ ಇಳಿಯಿತು. ಅವನು ಅಂಗೈಯಿಂದ ಮೇಲೆ ಸವರಿದ. ತಲೆ ಎತ್ತಿದ. ಅವಳು ನೋಡುತ್ತಿದ್ದಳು.

"ಏನೇ ನೋಡ್ತೀಯಾ, ಗೊಂಬೆಯಾಟವಾ?" ಎಂದು ಗದರಿದ. "ಬಾಂಡ್ಲಿ ಖಾಲಿ ಮಾಡು."

ಅವಳು ಖಾಲಿ ಮಾಡಿದಳು. ಚಾವಿ ಇದ್ದ ಜಾಗದ ಮೇಲೆ, ಪೂರ್ತಿ.

"ಲಿಫ್ಟು ಸತ್ತಿದೆ ಸಾರ್!" ಎಂದು ಮೇಸ್ತ್ರಿ ಕೂಗಿದ. "ಚಾವೀನೇ ಇಲ್ಲ!"

ಗಲಾಟೆ ಎದ್ದಿತು. ಹುಡುಕಿದರು. ಮೆಟ್ಟಿಲ ಕಡೆ ಓಡಿದ ಫೋಟೋ ಸಾರ್ ಅಂಚಿನಲ್ಲಿ ತಟಕ್ಕನೆ ನಿಂತ. ಮೆಟ್ಟಿಲಿರಲಿಲ್ಲ. ಮೆಟ್ಟಿಲಿಲ್ಲವೆಂಬುದು ಅವನಿಗೆ ಕಾಲಿಗೆ ಬಂದಾಗ ನೆನಪಾಯಿತು. ಅಪರೂಪಕ್ಕೆ ಮೇಲೆ ಬರುವವನಿಗೆ ಇಳಿಯುವ ಚಿಂತೆ ಎಲ್ಲಿಯದು?

ಕೆಳಗೆ ಗಂಡಸರು ತಲೆಯೆತ್ತಿ ನಿಂತರು. ಮೇಲೆ ಹೆಂಗಸರು, ಮೇಸ್ತ್ರಿ, ಫೋಟೋ ಸಾರ್. ಇನ್ನೂ ಮೇಲೆ, ಹಳಿಯ ಅಂತಸ್ತಿನಲ್ಲಿ, ಬೋಲ್ಟು ಬಿಗಿಯುವ ಯಂತ್ರ ಗುರುಗುಟ್ಟುತ್ತಲೇ ಇತ್ತು.

ಒಂದು ಕಂಬಿಯ ತುಂಡು ಬಂದು ಫೋಟೋ ಸಾರ್‌ನ ಬೂಟಿನ ಮುಂದೆ ಬಿತ್ತು. ಬೆರಳುದ್ದ. ನೆಲಕ್ಕೆ ಬಡಿದು ಅವನ ಮೊಣಕಾಲಿಗೆ ಹಾರಿತು.

ಅವನು ಮೇಲೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಸೇತುವೆಯ ನಡುವಿನಿಂದ ಸರಿದ. ಯಾವ ಕಡೆ ಸರಿದರೂ ಮೇಲೆ ಅದೇ ಇತ್ತು.

"ಮೇಲೆ ಕೆಲಸ ನಿಲ್ಲಿಸಿ!" ಎಂದು ಫೋನಿನಲ್ಲಿ ಕಿರುಚಿದ. "ಜನ ಇದ್ದಾರೆ ಇಲ್ಲಿ! ಬಲೆ ಹಾಕಿಸಿ, ಈಗಲೇ! ಹೊರಗಿನದನ್ನೇ ಬಿಚ್ಚಿ ತನ್ನಿ!"

ಎಷ್ಟು ಸಲ ಕೇಳಿದರೂ ಸ್ಟಾಕಿಲ್ಲ, ಆರ್ಡರಿಲ್ಲ ಎನ್ನುತ್ತಿದ್ದ ಬಲೆ, ಲಾರಿ ತೊಳೆದು ಮುಗಿಯುವಷ್ಟರಲ್ಲಿ ಹಗ್ಗದಲ್ಲಿ ಏರಿ ಮೇಲಂತಸ್ತಿನ ಬುಡಕ್ಕೆ ಬಂತು. ಹೊರಗಿನದನ್ನು ಮುಟ್ಟಲೂ ಇಲ್ಲ. ಹೊಸದು, ಗೋದಾಮಿನಲ್ಲಿ ಕಟ್ಟು ಬಿಚ್ಚದೆ ಇಟ್ಟಿದ್ದದ್ದು.

"ಸಾರ್ ತಲೆ ಅಂದ್ರೆ ತಲೆ ಕಣ್ರೇ," ಎಂದಳು ಬಾಯಿಬಡುಕಿ, ಕತ್ತೆತ್ತಿ ಬಲೆ ನೋಡುತ್ತ. "ನಮ್ಮದು ಸಿಂಬೆ ಇಡೋ ಜಾಗ."

ಈಗ ಎಲ್ಲರೂ ನಕ್ಕರು. ಎರಡು ದಿನದ ನಗು ಅದು. ನಗುತ್ತ ಒಬ್ಬಿಬ್ಬರು ಅತ್ತರು ಕೂಡ. ಮೇಸ್ತ್ರಿ ಮಾತ್ರ ನಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಬೀಡಿ ಹಚ್ಚಿದ.

ಸಂಜೆ ಕ್ರೇನಿನ ಬುಟ್ಟಿಯಲ್ಲಿ ಮೆಕ್ಯಾನಿಕ್ ಬಂದು ವೈರು ನೇರ ಜೋಡಿಸಿ ಲಿಫ್ಟು ಇಳಿಸಿದ. ಅರ್ಧಕ್ಕೆ ನಿಂತ ಗೋಡೆ ಅರ್ಧಕ್ಕೇ ಗಟ್ಟಿಯಾಗಿತ್ತು. ಇಳಿದ ಹೆಂಗಸರನ್ನೆಲ್ಲ ಮ್ಯಾನೇಜರ್ ಒಬ್ಬೊಬ್ಬರಾಗಿ ಕರೆದು ಕೇಳಿದ. ಚಾವಿ ಯಾರು ತೆಗೆದರು? ಯಾರಿಗೂ ಗೊತ್ತಿರಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ.

ಕೊನೆಗೆ ಕಂಬದಕ್ಕ. ಅವಳ ಶರಟಿನ ಮೇಲೆ ಕಾಂಕ್ರೀಟು ಒಣಗಿ, ನಡೆದರೆ ಬಿರುಕು ಬಿಡುತ್ತಿತ್ತು.

ಮ್ಯಾನೇಜರ್ ಕೂಗಾಡಲಿಲ್ಲ. "ನೋಡಮ್ಮ," ಎಂದ. "ನಿನ್ನ ಕಷ್ಟ ನಂಗೆ ಅರ್ಥವಾಗುತ್ತೆ. ವಿಡಿಯೋ ಬೇಡ, ಬಿಡು. ಅವಳದು ತಪ್ಪಿಲ್ಲ ಅಂತಲೇ ಬರೆಸೋಣ. ಆಸ್ಪತ್ರೆಯದ್ದು, ಮುಂದಿನದ್ದು, ಎಲ್ಲ ಕೊಡಿಸ್ತೀನಿ. ಚಾವಿ ಯಾರ ಕೆಲಸ ಅಂತ ಹೇಳು. ಮೇಸ್ತ್ರಿದಾ? ತಲೆ ಅಲ್ಲಾಡಿಸಿದ್ರೂ ಸಾಕು."

ತಲೆ. ಈ ಜನಕ್ಕೆ ಯಾವಾಗಲೂ ಅವರ ತಲೆಯೇ ಬೇಕು.

ಅವಳ ಮುಂದೆ ಆಸ್ಪತ್ರೆಯ ಹಾಸಿಗೆ ಬಂತು. ಮುಷ್ಟಿ ಕಟ್ಟದ ಕೈ ಬಂತು. ನೆಲ ನೋಡುವ ಮೈದುನ ಬಂದ. ಒಂದು ಸಲ ಕತ್ತು ಆಡಿಸಿದರೆ ಎಲ್ಲ ಸಲೀಸು. ಅವಳ ಕತ್ತು ಬೆಳಿಗ್ಗೆಯಿಂದ ನೋಯುತ್ತಿತ್ತು. ಅದನ್ನು ಅವಳು ನೆಟ್ಟಗೇ ಹಿಡಿದಳು.

"ಅವಳದು ತಪ್ಪಿಲ್ಲ ಅಂತ ನಿಮಗೆ ಗೊತ್ತಿದೆ," ಎಂದಳು. "ಈಗ ನಿಮ್ಮ ಬಾಯಲ್ಲೇ ಬಂತು. ಗೊತ್ತಿದ್ದ ಮೇಲೆ ಕೊಡಬೇಕಾದ್ದನ್ನ ಕೊಡಿ. ಅದಕ್ಕೆ ನನ್ನ ಹತ್ತಿರ ಬೆಲೆ ಕೇಳಬೇಡಿ."

"ಹಾಗಾದ್ರೆ ನಾಳೆಯಿಂದ ಬರಬೇಡ."

"ಬರ್ತೀನಿ. ಗೇಟಿಗೆ ಬರ್ತೀನಿ. ಒಳಗೆ ಬಿಡದಿದ್ರೆ ಲೇಬರ್ ಆಫೀಸಿಗೆ ಹೋಗ್ತೀನಿ. ಹೆಲ್ಮೆಟ್ಟೂ ಬಾಂಡ್ಲಿಯೂ ತಗೊಂಡೇ ಹೋಗ್ತೀನಿ. ಅಲ್ಲಿ ಸಾಹೇಬರ ತಲೆ ಮೇಲೆ ಇಟ್ಟು ತೋರಿಸ್ತೀನಿ."

ಹೊರಗೆ ಹೆಂಗಸರೆಲ್ಲ ಕಾಯುತ್ತಿದ್ದರು. ಯಾರೂ ಹೆಲ್ಮೆಟ್ ವಾಪಸು ಕೊಟ್ಟಿರಲಿಲ್ಲ. ಮೇಸ್ತ್ರಿ ಸ್ವಲ್ಪ ದೂರದಲ್ಲಿ ನಿಂತು ಅವಳ ಮುಖ ನೋಡಿದ. ಅವಳು ಅವನ ಕಡೆ ನೋಡದೆ ನಡೆದಳು.

ಆಸ್ಪತ್ರೆಯಲ್ಲಿ ಓರಗಿತ್ತಿ ಎಚ್ಚರವಾಗಿದ್ದಳು. ತಲೆಗೆ ಬಿಳಿ ಪಟ್ಟಿ. ಸುದ್ದಿ ಆಗಲೇ ಅವಳನ್ನು ಮುಟ್ಟಿತ್ತು. ಕಂಬದಕ್ಕ ಹಾಸಿಗೆಯ ಅಂಚಿಗೆ ಕೂತು ಅವಳ ಬಲಗೈ ತೆಗೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಚತೊಡಗಿದಳು. ಮೈದುನ ಬಾಗಿಲಲ್ಲಿ ನಿಂತಿದ್ದ. "ನಾನೂ ಬರ್ತೀನಿ ಅತ್ತಿಗೆ, ಆ ಆಫೀಸಿಗೆ," ಎಂದ. ಅಷ್ಟು ಹೇಳಿ ನೀರು ತರಲು ಹೋದ.

"ಅಕ್ಕಾ, ಫೋಟೋ ಸಾರ್ ಮೇಲೇ ಸಿಕ್ಕಿಹಾಕಿಕೊಂಡ್ನಂತೆ?"

"ನಗಬೇಡ. ಹೊಲಿಗೆ ಬಿಚ್ಚುತ್ತೆ."

"ಚಾವಿ ಯಾರು ತೆಗೆದ್ರು? ನಂಗೊಬ್ಬಳಿಗೆ ಹೇಳು. ನಿನ್ನಾಣೆ, ಯಾರಿಗೂ ಹೇಳಲ್ಲ."

ಇವಳಿಂದ ಕಂಬದಕ್ಕ ಈವರೆಗೆ ಏನನ್ನೂ ಮುಚ್ಚಿಟ್ಟಿರಲಿಲ್ಲ. ಗಂಡನಿಗೆ ಹೇಳದ್ದನ್ನೂ ಇವಳಿಗೆ ಹೇಳಿದ್ದಳು. ಮಾತು ನಾಲಗೆಯ ತುದಿಗೆ ಬಂತು. ಆದರೆ ನಾಳೆ ಮ್ಯಾನೇಜರ್ ಈ ಹಾಸಿಗೆಯ ಹತ್ತಿರವೂ ಬರುತ್ತಾನೆ. ಹಣ್ಣು ತರುತ್ತಾನೆ. ನೋವಿನಲ್ಲಿ, ಜ್ವರದಲ್ಲಿ, ಮೆಲ್ಲಗೆ ಕೇಳುತ್ತಾನೆ. ಗೊತ್ತಿಲ್ಲದವಳಿಂದ ಏನು ಹಿಂಡಿಕೊಳ್ಳುತ್ತಾನೆ?

"ಗೊತ್ತಿಲ್ಲ ಕಣೇ," ಎಂದಳು ಕಂಬದಕ್ಕ, ಹೆಬ್ಬೆರಳನ್ನು ಮಡಚುತ್ತ. "ಎಲ್ಲೋ ಬಿದ್ದಿರಬೇಕು. ಆ ಸೇತುವೆ ಮೇಲೆ ಏನು ತಾನೇ ಬೀಳಲ್ಲ?"

ಇನ್ನು ಯಾರು ಕೇಳಿದರೂ ಇಷ್ಟೇ. ಗಂಡ ಕೇಳಲಿ, ಪೊಲೀಸು ಕೇಳಲಿ, ಕೋರ್ಟು ಕೇಳಲಿ. ನೋಡಿದ್ದೀಯಲ್ಲ ಎಂದು ಮೇಸ್ತ್ರಿಯೇ ಬಂದು ಕೇಳಿದರೂ, ಇಷ್ಟೇ.